ವಡೆ ಕಟ್ಟಿದ ಹಾಳೆಯಲ್ಲಿ ಅಪ್ಪ

ನಾನು ಚಿಕ್ಕವಳಿದ್ದಾಗ ಅಪ್ಪನ ಚಿತ್ರವಿದ್ದ ಹಾಳೆಯನ್ನು ಇಡೀ ಕೀಲ್ಪಾಕ್ ಓದಿತು ಎಂದು ಅಕ್ಕ ಈಗಲೂ ಹೇಳುತ್ತಾಳೆ. ಸುಳ್ಳು. ಯಾರೂ ಓದಲಿಲ್ಲ. ಅದರಲ್ಲಿ ವಡೆ ಕಟ್ಟಿಸಿಕೊಂಡು ಹೋದರು, ಅಷ್ಟೆ.

ಅಪ್ಪ ತಮಿಳರ ಆ ಪಟ್ಟಣದ ಕೀಲ್ಪಾಕ್ ಬಡಾವಣೆಯ ಒಂದು ಹೋಟೆಲಿನಲ್ಲಿ ಸಾಂಬಾರು ಮಾಡುತ್ತಿದ್ದರು. ಆ ಯಜಮಾನರಿಗೆ ಕೀಲ್ಪಾಕ್, ಕೋಡಂಬಾಕ್ಕಂ, ಕ್ರೋಂಪೇಟೆ ಎಂದು ಮೂರು ಕಡೆ ಹೋಟೆಲು. ಕೆಲಸದವರೆಲ್ಲ ಉಡುಪಿ ಕಡೆಯವರೇ. ಆದರೆ ಒಂದು ಹೋಟೆಲಿನವರ ಮುಖ ಇನ್ನೊಂದರವರಿಗೆ ಗೊತ್ತಿಲ್ಲ. ರಜೆ ಸಿಕ್ಕಿದರಲ್ಲವೇ ಹೋಗಿ ನೋಡುವುದು! ಅದಕ್ಕೇ ಯಜಮಾನರು ಕೆಲಸದವರಿಗೆಂದು ತಿಂಗಳಿಗೊಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿಸುತ್ತಿದ್ದರು. ಯಾರಿಗೆ ಮಗು ಹುಟ್ಟಿತು, ಯಾರು ಊರಿಂದ ಬಂದರು, ಎಲ್ಲಿ ಹೊಸ ರುಬ್ಬುವ ಕಲ್ಲು ಬಂತು, ಇಂಥವೇ. ನಡುವೆ ಒಬ್ಬರ ಚಿತ್ರ. ಗಲ್ಲಾದವರದು ಬಂದಿತ್ತು, ಬಡಿಸುವವರದು ಬಂದಿತ್ತು. ಅಡುಗೆಮನೆಯವರದು ಒಮ್ಮೆಯೂ ಇಲ್ಲ. ಹೊಗೆಯೊಳಗೆ ನಿಂತವರನ್ನು ಯಾರು ನೋಡುತ್ತಾರೆ?

ಆ ತಿಂಗಳು ಅಪ್ಪನ ಸರದಿ. ಚಿತ್ರ ತೆಗೆಸಲು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದರು. ಭಾನುವಾರ ಬೆಳಗ್ಗೆ ಕೆಲಸಕ್ಕೆ ಹೊರಡುವಾಗ, “ಹಾಳೆ ಇವತ್ತು ಬರ್ತದೆ. ಬಂದು ತಕ್ಕೊಂಡು ಹೋಗಿ, ಅಮ್ಮ ನೋಡ್ಲಿ” ಎಂದರು. ಬಾಗಿಲ ತನಕ ಹೋಗಿ ತಿರುಗಿ ಮತ್ತೆ ಅದನ್ನೇ ಹೇಳಿದರು.

ನಾನೂ ಅಕ್ಕನೂ ಹೋದೆವು. ಬೀದಿಯ ತುದಿಗೇ ಇಂಗಿನ ವಾಸನೆ, ಕಾಫಿಯ ವಾಸನೆ. ಬಾಗಿಲಲ್ಲಿ ಜನವೋ ಜನ. ಪಾರ್ಸೆಲ್ ಮೇಜಿನವರು ಬಾಳೆ ಎಲೆ ಹಾಸಿ, ವಡೆ ಇಟ್ಟು, ಮೇಲೆ ಪೇಪರು ಸುತ್ತಿ, ನೂಲು ಬಿಗಿದು ಎಸೆದ ಹಾಗೆ ಕೊಡುತ್ತಿದ್ದರು. ಅಕ್ಕ ಇದ್ದಕ್ಕಿದ್ದಂತೆ ನನ್ನ ತೋಳು ಚಿವುಟಿದಳು.

“ಅಯ್ಯೋ, ಅಪ್ಪನ್ನ ಕಟ್ತಿದ್ದಾರೆ!”

ಹೌದು. ತೂಕಕ್ಕೆ ತಂದ ಹಳೇ ಪೇಪರಿಗೂ ಸೆಣಬಿನ ಹುರಿ, ಅಚ್ಚಿನವರು ಕಳಿಸಿದ ಕಟ್ಟಿಗೂ ಸೆಣಬಿನ ಹುರಿ. ಹುರಿ ಇದ್ದದ್ದೆಲ್ಲ ಪಾರ್ಸೆಲ್ ಮೇಜಿಗೆ, ಅದು ಹೋಟೆಲಿನ ಪದ್ಧತಿ. ಮೂರೂ ಹೋಟೆಲಿಗೆಂದು ಇಲ್ಲಿಗೇ ಬಂದಿದ್ದ ಹಾಳೆಗಳೆಲ್ಲ ವಡೆಯ ಜೊತೆ ಹೊರಟುಹೋಗಿದ್ದವು.

“ಓದಿ ನೋಡ್ಬಾರ್ದಿತ್ತಾ?” ಎಂದು ಅಕ್ಕ ಜಗಳಕ್ಕೆ ನಿಂತಳು.

“ಭಾನ್ವಾರ ಓದ್ಲಿಕ್ಕೆ ಪುರ್ಸೊತ್ತುಂಟಾ ಮಾರಾಯ್ತಿ? ಕೈ ಕಾಣು!” ಎಂದರು ಅವರು. ಆ ಕೈ ಆಗಲೂ ಕಟ್ಟುತ್ತಲೇ ಇತ್ತು.

ಕೊನೆಯ ಹಾಳೆ ಹಿಡಿದು ಆಸ್ಪತ್ರೆಯ ನರ್ಸಮ್ಮ ಒಬ್ಬರು ಮೆಟ್ಟಿಲು ಇಳಿಯುತ್ತಿದ್ದರು. ನಾನು ಓಡಿ ಸೆರಗು ಹಿಡಿದೆ. “ಅಕ್ಕಾ, ಅಂದ ಪೇಪರ್ ವೇಣುಂ. ಅಪ್ಪಾ!” ಎಂದು ಬಂದಷ್ಟು ತಮಿಳಿನಲ್ಲಿ ಆ ಪೇಪರು ಕೇಳಿದೆ.

ಆಕೆ ಪೊಟ್ಟಣ ತಿರುಗಿಸಿ ನೋಡಿದರು, ನಕ್ಕುಬಿಟ್ಟರು. “ಸರಿ, ವಡೆ ಎನಕ್ಕು, ಅಪ್ಪಾ ಉನಕ್ಕು!” ವಡೆ ತನಗೆ, ಅಪ್ಪ ನನಗೆ ಅಂತೆ. ಅಲ್ಲೇ ನಿಂತು ವಡೆ ತಿಂದು, ಹಾಳೆ ನನ್ನ ಕೈಗೆ ಕೊಟ್ಟರು. ಆದರೆ ಅಪ್ಪನೇ ಇಲ್ಲಿ ಸಾಂಬಾರು ಮಾಡುವುದು ಎಂದು ಅಕ್ಕ ಹೇಳಿದ ಮೇಲೆ ಹೋಗಲಿಲ್ಲ. ದಿನಾ ಸಾಂಬಾರು ತಿನ್ನುತ್ತೇನೆ, ಮಾಡುವವರ ಮುಖ ಇವತ್ತು ಪೇಪರಿನಲ್ಲಿ ಕಂಡೆ, ಒಮ್ಮೆ ಹೊರಗೆ ಕರೆಯಿರಿ ಎಂದು ತಮಿಳಿನಲ್ಲಿ ಹಟ ಹಿಡಿದರು. ಅಪ್ಪ ಬೆವರು ಒರೆಸುತ್ತ ಬಂದರು. ಸೌಟು ಕೈಯಲ್ಲೇ ಇತ್ತು. ಜನ ಕೂತು ತಿನ್ನುವ ಕಡೆ ಅಪ್ಪನನ್ನು ನಾನು ನೋಡಿದ್ದು ಅದೇ ಮೊದಲು. ಆಕೆ ಕೈಮುಗಿದರು. ಅಪ್ಪ ಸೌಟು ಸಮೇತ ಕೈಮುಗಿದರು. ಎಲ್ಲರೂ ನಕ್ಕರು, ಅಪ್ಪನೂ.

ಹಾಳೆ ಕೂಡಲೇ ಅಮ್ಮನ ಕೈಗೆ ಬರಲಿಲ್ಲ. “ಮೊದಲು ಆ ಎರಡು ಹೋಟೆಲಿನವರು ಓದ್ಲಿ. ಅವರಿಗೆ ಒಂದೂ ಸಿಕ್ಲಿಲ್ಲ ಅಲ್ವಾ” ಎಂದು ಅಪ್ಪ ಅದನ್ನು ಮಸಾಲೆಪುಡಿ ಸಾಗಿಸುವ ವ್ಯಾನಿನಲ್ಲಿ ಕಳಿಸಿಬಿಟ್ಟರು. ಅಕ್ಕ ಅತ್ತಳು. ಸಂಜೆ ಹಾಳೆ ತಿರುಗಿ ಬಂತು. ಒಂದು ಮೂಲೆಯಲ್ಲಿ ಕೋಡಂಬಾಕ್ಕಮಿನ ಚಟ್ನಿ, ಇನ್ನೊಂದರಲ್ಲಿ ಕ್ರೋಂಪೇಟೆಯ ಕಾಫಿ. ಅಪ್ಪನ ಮೂಗಿನ ಮೇಲೆ ಯಾರದೋ ಹೆಬ್ಬೆಟ್ಟು. ಅಪ್ಪ ದೀಪಕ್ಕೆ ಹಿಡಿದು ನೋಡಿ, “ಎಲ್ಲರೂ ಓದಿದ್ದಾರೆ ಕಾಣು” ಎಂದರು. ಅಂಥ ಖುಷಿಯ ಮುಖ ಆ ಚಿತ್ರದಲ್ಲೂ ಇರಲಿಲ್ಲ.

ನಿಮ್ಮಮ್ಮನ ಆಫೀಸಿನ ಸುದ್ದಿಹಾಳೆ ಫೋನಿಗೇ ಬರುತ್ತದಲ್ಲ, ಮೊಮ್ಮಕ್ಕಳೇ. ಬಣ್ಣ ಬಣ್ಣದ್ದು. ಅವಳು ಓದದೆ ಅಳಿಸುತ್ತಾಳೆ. ವಡೆ ಕಟ್ಟಲೂ ಆಗುವುದಿಲ್ಲ ಅದರಲ್ಲಿ. ಅಳಿಸುವ ಮುಂಚೆ ಯಾರ ಚಿತ್ರ ಬಂದಿದೆ ಎಂದಾದರೂ ನೋಡಲು ಹೇಳಿ.

ನಾನು ಆಗಲೇ ನೋಡಿದೆ. ಅಪ್ಪನ ಹಾಳೆ ತಿರುಗಿ ಬಂದ ಮರುದಿನ ಬೆಳಗ್ಗೆ ಹಲ್ಲುಜ್ಜಿದವಳೇ ಹೋಟೆಲಿಗೆ ಹೋಗಿ, ಪಾರ್ಸೆಲ್ ಮೇಜಿನ ಮೇಲಿದ್ದ ಹಳೇ ಪೇಪರಿನ ಕಟ್ಟಿನ ಹುರಿ ಬಿಚ್ಚಿ, ಇನ್ಯಾರ ಅಪ್ಪನಾದರೂ ಇದ್ದಾರೋ ಎಂದು ಒಂದೊಂದೇ ಹಾಳೆ ಮಗುಚಿ ನೋಡಿದೆ.