ಬೆಳಗಿನ ಬಾಂಗೂ ಹೊಸದುರ್ಗದ ಬಸ್ಸೂ

ಎಪ್ಪತ್ತರ ದಶಕದಲ್ಲಿ ಹಿರಿಯೂರಿನ ನಮ್ಮ ಮನೆಯಲ್ಲಿ ಗಡಿಯಾರವಿರಲಿಲ್ಲ. ಮಸೀದಿಯ ಬೆಳಗಿನ ಬಾಂಗು ಕೇಳಿದರೆ ಅಜ್ಜಿ ಒಲೆ ಹಚ್ಚುತ್ತಿದ್ದಳು. ಬೇಸಿಗೆಯಲ್ಲಿ ಹಾಗೆ ಎದ್ದು, ಸ್ನಾನ ಮುಗಿಸಿ, ಆರರ ಹೊಸದುರ್ಗದ ಬಸ್ಸನ್ನು ಆರಾಮಾಗಿ ಹಿಡಿದಿದ್ದಳು. ಅದೇ ನಂಬಿಕೆಯಿಂದ ಚಳಿಗಾಲದಲ್ಲೂ ಹೊರಟಳು, ಬಸ್ಸು ತಪ್ಪಿತು; ದಿನಕ್ಕಿದ್ದದ್ದು ಅದೊಂದೇ. ಮಾರನೆಯ ದಿನವೇ ಹೊಸದುರ್ಗದಲ್ಲಿ ನಮ್ಮಕ್ಕನ ಕೂಸಿಗೆ ಹೆಸರಿಡುವುದಿತ್ತು.

ಅಜ್ಜಿ ಗಂಟು ಹೊತ್ತುಕೊಂಡೇ ಬಾಂಗು ಕೂಗುವ ಸಾಬರ ಮುಂದೆ ನಿಂತಳು. ನಾನು ಹಿಂದೆ.

"ಏನ್ರಿ ಸಾಬ್ರೇ, ನಿದ್ದೆ ಹತ್ತಿತ್ತೇನು?"

"ಇಲ್ಲಮ್ಮಾ. ನಾವು ಕೂಗೋದು ಬೆಳಕು ಹರಿಯೋ ಹೊತ್ತು ನೋಡಿ. ಚಳಿಗಾಲದಾಗೆ ಅದೇ ತಡ. ದಿನಾ ಒಂದೇ ಹೊತ್ತಿಗೆ ಬೇಕಂದ್ರೆ ಚರ್ಚಿನ ಗಂಟೆ ಐತಲ್ಲ, ಪ್ರಾರ್ಥನೆಗೆ ಸರಿಯಾಗಿ ಆರಕ್ಕೆ ಬಡೀತಾರೆ."

"ಬಸ್ಸು ಹೊರಡೋದೂ ಆರಕ್ಕೆ! ಗಂಟೆ ಕೇಳ್ಕಂಡು ಬಸ್ಸಿನ ಹಿಂದೆ ಓಡ್ಲೇನು?"

ಸಾಬರು ಗಡ್ಡ ಅಲ್ಲಾಡುವಂತೆ ನಕ್ಕರು. "ಹೋಗ್ರಮ್ಮಾ, ನಾಳೆ ನಾನೇ ಎಬ್ಬಿಸ್ತೀನಿ."

ಮಾರನೆಯ ದಿನ ಮಸೀದಿಗೆ ಹೋಗುವ ದಾರಿಯಲ್ಲಿ ನಮ್ಮ ಬಾಗಿಲು ತಟ್ಟಿದರು. "ಏಳ್ರಮ್ಮಾ, ಊರಿಗಿಂತ ಮೊದ್ಲು ನಿಮ್ಮನ್ನ ಕರೀತಿದೀನಿ!"

ಚರ್ಚಿನ ಗಂಟೆ ಬಡಿದಾಗ ಅಜ್ಜಿ ಬಸ್ಸಿನ ಕಿಟಕಿ ಪಕ್ಕ ರಾಣಿಯಂತೆ ಕುಳಿತಿದ್ದಳು. ಬಸ್ಸು ಕದಲಿದಾಗ ತಲೆ ಹೊರಗೆ ಹಾಕಿ ನನಗೆ ಕೂಗಿದಳು: "ನಾನಿನ್ನೊಂದು ವಾರ ಬರಲ್ಲ ಅಂತ ಸಾಬ್ರಿಗೆ ಹೇಳು. ಅಲ್ಲೀತನಕ ದಿನಾ ನಿನ್ನ ಎಬ್ಬಿಸ್ಲಿ!"

ಹೇಳಲೋ ಬೇಡವೋ ಎಂದು ಯೋಚಿಸುತ್ತಲೇ ಮನೆಗೆ ಬಂದೆ. ಹೇಳಲಿಲ್ಲ.