ಬಿಪಿ ಪಟ್ಟಿ ಬಿಚ್ಚುತ್ತಾ ಕೇಳಿದ ಪ್ರಶ್ನೆ

ನೀರು ತುಂಬಿಸಿ, ಬಟ್ಟೆ ಒಣಹಾಕಿ, ಸೊಪ್ಪು ಬಿಡಿಸಿಟ್ಟು, ಬಿಪಿ ತೋರಿಸಲು ನಮ್ಮ ಯಜಮಾನರನ್ನು ನಾವಿರುವ ಕೋಪರಿಯ ಸರ್ಕಾರಿ ದವಾಖಾನೆಗೆ ಕರೆದೊಯ್ದೆ. ಬಿಜಾಪುರದ ಕಡೆಯ ನರ್ಸ್ ಒಬ್ಬರು ತೋಳಿನ ಪಟ್ಟಿ ಬಿಚ್ಚುತ್ತಾ, "ಅಣ್ಣಾರ, ಮನಸ್ಸು ಹೆಂಗೈತ್ರಿ?" ಎಂದರು.

ಎಂದಿನಂತೆ ನಾನೇ ಬಾಯಿ ಹಾಕಿದೆ: "ಅವರಿಗೆಂಥದು, ಆರಾಮಿದ್ದಾರೆ."

"ಅಕ್ಕಾರ, ನೀವ್ ಸುಮ್ನಿರ್ರಿ. ಅಣ್ಣಾರ ಹೇಳ್ಲಿ."

ಇವರು ನೆಲ ನೋಡುತ್ತಾ, "ಬದುಕುವುದೇ ಬೇಡ ಅಂತ ಕಾಣ್ತದೆ ಸಿಸ್ಟರ್" ಎಂದರು.

ನಾನು ಬೆಚ್ಚಿ ಇವರತ್ತ ತಿರುಗಿದೆ. ಆಕೆ ಮಾತ್ರ ಬೆಚ್ಚದೆ, ಇವರ ಕೈ ಹಿಡಿದು ಪಕ್ಕದ ಕೋಣೆಯ ಮನೋವೈದ್ಯರ ಎದುರು ಕೂರಿಸಿದರು. ಒಂದು ಗಂಟೆ ಇವರು ಮಾತಾಡಿದರು.

ಬಿಪಿಗೆಂದು ಬಂದ ಪ್ರತಿಯೊಬ್ಬರನ್ನೂ ಆಕೆ ಹೀಗೆ ಕೇಳುತ್ತಾರಂತೆ. ಮನೆಯಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಮಧ್ಯಾಹ್ನ ಮನೆಗೆ ಬಂದು ಗಂಜಿ, ಹೆಸರುಕಾಳಿನ ಪಲ್ಯ ಉಂಡೆವು. ಮೊದಲು ನಿದ್ದೆಹೋದದ್ದು ಇವರು; ನಾನು ಇವರ ಉಸಿರು ಕೇಳುತ್ತಾ ಕುಳಿತಿದ್ದೆ.