ಹದಿನೈದು ನಿಮಿಷದ ಚಳಿ

ತೊಂಬತ್ತರ ದಶಕದಲ್ಲಿ ನಾನೂ ನನ್ನ ಗಂಡನೂ ಲಂಡನ್ನಿನ ಇಲ್ಫರ್ಡ್‌ನಲ್ಲಿ ಭಾವನವರ ಮನೆಯಲ್ಲಿದ್ದೆವು. ಓರಗಿತ್ತಿ ಬಂದವರೆದುರೆಲ್ಲ, "ಈಕಿ ಕೈಯಾಗ ಗ್ಯಾಸ್ ಕೊಟ್ರ ಮನೀನ ಹಾರಿಸ್ತಾಳ," ಎಂದು ನಗುತ್ತಿದ್ದಳು. ನಾನು ಕೋಣೆ ಬೆಚ್ಚಗಿಡುವ ಗ್ಯಾಸ್ ಅಗ್ಗಿಷ್ಟಿಕೆಯ ಕೈಪಿಡಿಯನ್ನು ಬಾಯಿಪಾಠ ಮಾಡಿದೆ.

ಒಂದು ಜನವರಿ ಮಧ್ಯಾಹ್ನ ಅವಳ ತವರಿನವರು ಬಂದಿದ್ದಾಗ ಅಗ್ಗಿಷ್ಟಿಕೆಯೊಳಗೆ ಸದಾ ಉರಿಯುವ ಪುಟ್ಟ ಪೈಲಟ್ ಜ್ವಾಲೆ ಆರಿತು. ಅವಳು ಅವಸರದಲ್ಲಿ ನಾಬ್ ಒತ್ತಿ ಒತ್ತಿ ಬಿಟ್ಟಳು. ಜ್ವಾಲೆ ಹತ್ತಲಿಲ್ಲ, ಗ್ಯಾಸ್ ವಾಸನೆ ಹರಡಿತು.

"ಅಕ್ಕಾರ, ಕೈ ತೆಗೀರಿ," ಎಂದೆ. ಗ್ಯಾಸ್ ಬಂದ್ ಮಾಡಿ ಕಿಟಕಿ, ಬಾಗಿಲು ತೆರೆದೆ. ಐದೇ ನಿಮಿಷದಲ್ಲಿ ವಾಸನೆ ಹೋಯಿತು. ನಾನು ಬೇಕೆಂದೇ ಹದಿನೈದು ನಿಮಿಷ ಕಾಯಿಸಿದೆ. ಎಲ್ಲರೂ ನಡುಗುತ್ತ ಅವಳನ್ನೇ ನೋಡುತ್ತಿದ್ದರು.

ಆಮೇಲೆ ನಾಬ್ ಒತ್ತಿ ಹೊತ್ತಿಸಿ, ಜ್ವಾಲೆ ನಿಲ್ಲುವವರೆಗೂ ಬೆರಳು ಬಿಡಲಿಲ್ಲ.

"ನೀ ಇಲ್ಲೇ ಕೂಡವಾ, ಚಾ ಅಕಿ ಮಾಡ್ತಾಳ," ಎಂದರು ಅವಳ ತಾಯಿ.

ಕೂತೆ. ಎರಡು ಸಲ ಚಹಾ ಕೇಳಿ ಕುಡಿದೆ.